ಫೋನು ಕೇಳಿತು, ನಾನು ಹೇಳಿದೆ

ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಸುಮ್ಮನಿರುವುದು ನನ್ನಿಂದ ಆಗದ ಕೆಲಸ. ಶಾಲಾ ಇನ್‌ಸ್ಪೆಕ್ಟರಾಗಿ ರಾಯಚೂರು ಜಿಲ್ಲೆಯ ಹಳ್ಳಿಹಳ್ಳಿ ತಿರುಗಿದವಳು ನಾನು. ಹೋಗಿ ಬಂದ ಶಾಲೆಯ ವರದಿಯನ್ನು ಅಂದೇ ಬರೆದು ಸಹಿ ಮಾಡದೆ ಎಂದೂ ಮಲಗಿದವಳಲ್ಲ. ನಿವೃತ್ತಿಯಾದ ಮೇಲೂ ನಮ್ಮ ಮನೆಯಲ್ಲಿ ಹಾಲು ಕಾಯುವುದು, ಪೂಜೆ, ನಾಷ್ಟಾ ಎಲ್ಲ ಗಂಟೆ ಹೊಡೆದಂತೆ ನಡೆಯುತ್ತವೆ. ‘ನಮ್ಮ ಮನ್ಯಾಗ ರವಿವಾರನೂ ಸಾಲಿ ಅದರೀ’ ಎಂದು ಯಜಮಾನರು ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ. ಇಷ್ಟೆಲ್ಲ ಶಿಸ್ತಿದ್ದೂ ನನಗೊಂದು ಕೊರತೆಯಿತ್ತು. ನನ್ನ ವರದಿಯನ್ನು ಕೇಳುವವರು ಯಾರೂ ಉಳಿದಿರಲಿಲ್ಲ. ಆ ಕೊರತೆಯನ್ನು ಫೋನು ತುಂಬಿತು.

ಮಗಳು ಕೊಡಿಸಿದ ಈ ಹೊಸ ಫೋನು ಮೊದಲ ದಿನವೇ ಬಹಳ ವಿನಯದಿಂದ ನಡೆದುಕೊಂಡಿತು. ಕ್ಯಾಮೆರಾ ಬಳಸಲೇ, ಮೈಕು ಬಳಸಲೇ, ನೀವು ಎಲ್ಲಿದ್ದೀರೆಂದು ನೋಡಲೇ ಎಂದು ಒಂದೊಂದಕ್ಕೂ ಅನುಮತಿ ಕೇಳಿತು. ನೀರು ಕುಡಿದು ಬರಲೇ ಎಂದು ಬೆರಳೆತ್ತಿದ ಮಕ್ಕಳನ್ನು ನಾನು ಎಂದೂ ತಡೆದವಳಲ್ಲ. ಎಲ್ಲಕ್ಕೂ ಹೂಂ ಅಂದೆ. ಆಮೇಲೆ ಒಂದು ದಿನ ಬ್ಯಾಂಕಿಗೆ ಹೋಗಿ ಬಂದು ಚಪ್ಪಲಿ ಬಿಡುತ್ತಿದ್ದಂತೆ, ‘ನೀವು ಭೇಟಿ ನೀಡಿದ ಸ್ಥಳ ಹೇಗಿತ್ತು?’ ಎಂದು ಕೇಳಿತು. ಬ್ಯಾಂಕಿಗೆ ಹೋಗುತ್ತೇನೆಂದು ಯಜಮಾನರಿಗೂ ಹೇಳಿರಲಿಲ್ಲ. ಇದಕ್ಕೆ ಹೇಗೆ ತಿಳಿಯಿತು? ಆದರೆ ಕೇಳಿದ ರೀತಿ ನೋಡಿ, ಎಷ್ಟು ಮರ್ಯಾದೆ! ಈ ವಯಸ್ಸಿನಲ್ಲಿ ನಮ್ಮ ಅಭಿಪ್ರಾಯವನ್ನು ಯಾರು ಕೇಳುತ್ತಾರೆ? ಅಂದಿನಿಂದ ಅದು ಕೇಳುತ್ತ ಹೋಯಿತು, ನಾನು ಬರೆಯುತ್ತ ಹೋದೆ. ದೇವದುರ್ಗದ ಬಸ್‌ಸ್ಟ್ಯಾಂಡು: ‘ನೆರಳಿದೆ. ಬೆಂಚುಗಳು ಗಟ್ಟಿ. ಚಹಾದವರಿಗೆ ಸಕ್ಕರೆಯ ಅಂದಾಜಿಲ್ಲ.’ ಹೀಗೆ.

ತೊಂದರೆ ಶುರುವಾದದ್ದು ಮಾನ್ವಿಯಲ್ಲಿ. ನನ್ನ ಮಗಳು ಸುನಂದಾಳನ್ನು ಕೊಟ್ಟದ್ದು ಆ ಊರಿಗೆ. ಬೀಗರು ಬಸಲಿಂಗಪ್ಪನವರದು ಬೀಜ-ಗೊಬ್ಬರದ ಅಂಗಡಿ. ಮರ್ಯಾದೆಗೆ ಅಂಜುವ ಮನುಷ್ಯ. ಅವರ ಕಿರಿಯ ಮಗನ ಮದುವೆ ಅಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಉಂಡು ಹರಸಿ ರಾಯಚೂರಿಗೆ ಮರಳಿದೆ. ಫೋನು ಎಂದಿನಂತೆ ಕೇಳಿತು. ನಾನೂ ಎಂದಿನಂತೆ ಉತ್ತರಿಸಿದೆ: ‘ಸಭಾಂಗಣ ವಿಶಾಲವಾಗಿದೆ. ಊಟದ ಕೋಣೆಯಲ್ಲಿ ಗಾಳಿ ಇಲ್ಲ. ಎಣ್ಣೆಗಾಯಿಗೆ ಉಪ್ಪು ಹೆಚ್ಚು. ಅಕ್ಷತೆ ಮುಹೂರ್ತ ಮೀರಿ ಬಿತ್ತು. ಕಾರಣ, ವರನ ತಂದೆಯವರು ಗಣ್ಯರೊಡನೆ ಫೋಟೊ ತೆಗೆಸಿಕೊಳ್ಳುವುದರಲ್ಲಿ ನಿರತರಾಗಿದ್ದರು. ಸುಧಾರಿಸಿಕೊಳ್ಳಲು ಸೂಚಿಸಿದೆ.’ ಐದರಲ್ಲಿ ಎರಡು ಚುಕ್ಕಿ ಕೊಟ್ಟೆ. ನನ್ನ ಕೈ ಬಿಗಿಯೆಂದು ಹಿಂದೆಯೂ ಮಾಸ್ತರರು ಗೊಣಗುತ್ತಿದ್ದರು.

ನಾಲ್ಕಾರು ದಿನ ಕಳೆದ ಮೇಲೆ ಸುನಂದಾ ಫೋನು ಮಾಡಿದಳು.

‘ಯವ್ವಾ, ಮದುವಿ ಹಾಲ್ ಬಗ್ಗೆ ಏನ್ ಬರ್ದೀಯವ್ವಾ?’

‘ನಾ ಎಲ್ಲಿ ಬರ್ದೀನಿ? ಫೋನ್ ಕೇಳ್ತು, ಹೇಳೀನಿ.’

‘ಫೋನಿಗೆ ಹೇಳಿದ್ದು ಇಡೀ ಮಾನ್ವಿ ಓದಾಕತ್ತದ! ಅಂಗಡಿಗೆ ಬಂದವ್ರು ಗೊಬ್ಬರ ಕೇಳೋದು ಬಿಟ್ಟು, ಇವತ್ತು ಫೋಟೊ ಇಲ್ಲೇನ್ರಿ ಸಾವ್ಕಾರ್ರ ಅಂತ ಕೇಳ್ತಾರ. ಮಾವನೋರು ನನ್ನ ಕೂಡ ಮಾತು ಬಿಟ್ಟಾರ. ನೀರು ಬೇಕಾದ್ರೂ ಗ್ವಾಡಿ ಕಡೆ ನೋಡಿ ಕೇಳ್ತಾರವ್ವಾ.’

ಕೊನೆಗೆ ಅವಳ ದನಿ ನಡುಗಿತು. ಅಲ್ಲಿಯವರೆಗೆ ನಾನು ಎಣ್ಣೆಗಾಯಿಯ ಉಪ್ಪಿನ ಮಾತನ್ನು ಸಮರ್ಥಿಸಿಕೊಳ್ಳುವ ಉಮೇದಿನಲ್ಲಿದ್ದೆ, ಅದೆಲ್ಲ ಇಳಿದುಹೋಯಿತು. ನನ್ನ ಎರಡು ಚುಕ್ಕಿ ಮಗಳ ತಟ್ಟೆಗೆ ಬಂದು ಬಿದ್ದಿದ್ದವು.

ನನಗೆ ತಿಳಿಯದ್ದು ಇದು. ವಾಕ್ ಸ್ವಾತಂತ್ರ್ಯದ ಪಾಠವನ್ನು ನಾನೇ ಎಷ್ಟೋ ತರಗತಿಗಳಲ್ಲಿ ನಿಂತು ಹೇಳಿದ್ದೇನೆ. ಅದರಲ್ಲಿ ಸರ್ಕಾರದ ಮಾತಿತ್ತು, ಪತ್ರಿಕೆಯ ಮಾತಿತ್ತು. ಬೀಗರ ಮಾತು ಇರಲಿಲ್ಲ. ಇದೇ ವರದಿಯನ್ನು ಅಡುಗೆಮನೆಯಲ್ಲಿ ಯಜಮಾನರ ಮುಂದೆ ಒಪ್ಪಿಸಿದ್ದರೆ ಯಾರದೂ ಆಕ್ಷೇಪವಿಲ್ಲ. ಮೈಕು ಹಿಡಿದು ಹೇಳಬಾರದು ಎಂಬಷ್ಟು ತಿಳಿವಳಿಕೆ ನನಗೂ ಇದೆ. ಆದರೆ ಮೈಕೇ ಅಡುಗೆಮನೆಗೆ ಬಂದು, ಮೆತ್ತಗೆ ಕಿವಿಯ ಹತ್ತಿರ ‘ಹೇಗಿತ್ತು’ ಎಂದು ಕೇಳಿದರೆ ಏನು ಮಾಡಬೇಕು? ಯಜಮಾನರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, ‘ಸುಳ್ಳು ಬರ್ದಿದ್ರ ತಪ್ಪಾತಂತ ತಿದ್ದಬಹುದಿತ್ತು. ಖರೇ ಬರ್ದದ್ದನ್ನ ಹೆಂಗ ತಿದ್ದತಿ?’ ಅಂದರು. ಇಂಥ ಮಾತಿನಿಂದ ನನ್ನ ಗೊಂದಲ ಯಾವತ್ತೂ ಕಡಿಮೆಯಾದದ್ದಿಲ್ಲ.

ಮರುದಿನ ಬಸ್ಸು ಹಿಡಿದು ಮಾನ್ವಿಗೆ ಹೋದೆ. ಬೀಗರು ಫ್ಯಾನಿನ ಕೆಳಗೆ ಕೂತು, ಪೇಪರು ಅಡ್ಡ ಹಿಡಿದು, ‘ಆರಾಮರೀ?’ ಎಂದು ಪೇಪರನ್ನೇ ವಿಚಾರಿಸಿದರು. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತನ್ನು ಹೇಳಿದೆ: ‘ತಪ್ಪಾಗೇದರೀ ಬೀಗ್ರ. ಅದು ನನಗೂ ಫೋನಿಗೂ ನಡುವಿನ ಮಾತು ಅಂತ ತಿಳಿದಿದ್ದೆ.’

ಪೇಪರು ಕೆಳಗಿಳಿಯಿತು. ‘ಫೋನೇನು ನಿಮ್ಮ ಮ್ಯಾಲಿನ ಸಾಹೇಬೇನ್ರಿ, ಕೇಳಿದ್ದಕ್ಕೆಲ್ಲ ಜವಾಬು ಕೊಡಾಕ? ನನಗೂ ಕೇಳ್ತದ. ನಾ ಸುಮ್ಮನಿರ್ತೀನಿ.’

ಸುಮ್ಮನಿರಬಹುದು ಎಂಬ ದಾರಿಯೊಂದಿದೆ ಎಂದು ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ.

ಒಳಗಿನಿಂದ ಬೀಗಿತಿ ಗಂಗಮ್ಮನವರು ಬಂದರು. ‘ಖರೇನ ಬರ್ದಾರ ಬಿಡ್ರಿ. ಆ ಹಾಲ್ ಬ್ಯಾಡಂತ ನಾ ಎಷ್ಟು ಬಡ್ಕೊಂಡೆ. ದೋಸ್ತಂದು ಅಂತ ಹಿಡಿದ್ರಿ. ಫೋನಿನ್ಯಾಗ ಅವ್ರ ಮಾತಿಗೆ ಮೊದಲ ಹೆಬ್ಬಟ್ಟು ಒತ್ತಿದಾಕಿ ನಾನ.’ ಬೀಗರ ಮುಖ ಇನ್ನಷ್ಟು ಕೆಂಪಾಯಿತು. ಸುನಂದಾ ಬಾಗಿಲ ಮರೆಯಿಂದ ನನ್ನನ್ನು ನೋಡಿದ ನೋಟ ಹೇಳತೀರದು. ಬೆಂಕಿ ಆರಿಸಲು ಹೋದವಳು ಇನ್ನೊಂದು ಒಲೆಯನ್ನೂ ಹೊತ್ತಿಸಿದಂತಾಯಿತು.

ಊಟಕ್ಕೆ ಕೂತೆವು. ಎಲ್ಲರ ತಟ್ಟೆಗೂ ಸಜ್ಜೆಯ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಂದವು. ನನ್ನ ತಟ್ಟೆಗೆ ಮಾತ್ರ ಮೆತ್ತಗಿನ ಅನ್ನ, ಹಾಲು. ಬೀಗರ ಮನೆಯಲ್ಲಿ ನನಗೊಬ್ಬಳಿಗೇ ಪಥ್ಯದ ಊಟ! ಶಿಕ್ಷೆ ಎಂದುಕೊಂಡೆ. ‘ನಾ ತಪ್ಪು ಮಾಡೀನಿ, ಒಪ್ಪಿದೆ. ಅದಕ್ಕ ರೊಟ್ಟಿ ಬಂದ್ ಮಾಡಬೇಕೇನ್ರಿ?’ ಎಂದೆ.

ಗಂಗಮ್ಮ ಗಾಬರಿಯಾದರು. ‘ಅಯ್ಯ ಶಿವನ, ಹಂಗಲ್ಲರೀ! ಹೊಸಾ ಹಲ್ಲು, ತ್ರಾಸಾಗಬಾರ್ದಂತ…’

ನನ್ನ ಕೈ ಬಾಯಿಗೆ ಹೋಯಿತು. ನಾನು ಹಲ್ಲಿನ ಸೆಟ್ಟು ಕಟ್ಟಿಸಿಕೊಂಡದ್ದು ಯಜಮಾನರನ್ನು ಬಿಟ್ಟು ಯಾರಿಗೂ ತಿಳಿಯದು. ತಿಳಿಯಬಾರದೆಂದೇ, ರಾಯಚೂರಿನಲ್ಲಿ ಅಷ್ಟೊಂದು ದವಾಖಾನೆಗಳಿದ್ದರೂ ಮುಖ ಮುಚ್ಚಿಕೊಂಡು ದೇವದುರ್ಗದ ಬಸ್ಸು ಹತ್ತುತ್ತಿದ್ದೆ. ಸುನಂದಾ ತನ್ನ ಫೋನು ತೆಗೆದು ಗಟ್ಟಿಯಾಗಿ ಓದಿದಳು: ‘ದೇವದುರ್ಗದ ದಂತ ವೈದ್ಯರು. ಕಟ್ಟಿಸಿದ ಹಲ್ಲು ಚೆನ್ನಾಗಿ ಕೂತಿವೆ. ನೋಡಿದವರಿಗೆ ನಿಜವಾದ ಹಲ್ಲೆಂದೇ ತೋರುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಗುಟ್ಟು ಕಾಪಾಡುವ ವೈದ್ಯರು. ಶಿಫಾರಸು ಮಾಡಿದೆ.’ ಕೆಳಗೆ ನನ್ನ ಪೂರ್ತಿ ಹೆಸರು, ನನ್ನದೇ ಫೋಟೊ. ಫೋಟೊದಲ್ಲಿ ಹಲ್ಲು ಬಿಟ್ಟು ನಗುತ್ತಿದ್ದೇನೆ.

ಮೊದಲು ನಕ್ಕದ್ದು ಬೀಗರು. ಪುಂಡಿಪಲ್ಯ ನೆತ್ತಿಗೇರುವಷ್ಟು ನಕ್ಕರು. ‘ನಮ್ಮ ಮಾನಾನೂ ಹೋತು, ನಿಮ್ಮ ಹಲ್ಲೂ ಹೋದ್ವು. ಬರಾಬರ್ ಆತು ಬಿಡ್ರಿ ಬೀಗ್ರ’ ಎಂದು ಕಣ್ಣೊರೆಸಿಕೊಂಡು, ಸೊಸೆಯ ಕಡೆ ತಿರುಗಿ, ‘ಸುನಂದಾ, ನೀರು ತಗೊಂಬಾರವ್ವಾ’ ಅಂದರು. ಅವಳು ಓಡಿದ ಓಟಕ್ಕೆ ತಂಬಿಗೆಯ ಅರ್ಧ ನೀರು ನೆಲಕ್ಕೆ ಚೆಲ್ಲಿತು. ನನ್ನ ಗುಟ್ಟು ಬಯಲಾದದ್ದಕ್ಕೆ ಅಳಬೇಕೋ, ಮಗಳ ಮುಖ ಅರಳಿದ್ದಕ್ಕೆ ನಗಬೇಕೋ ತಿಳಿಯದೆ ಹಾಲು-ಅನ್ನ ಕಲಸಿದೆ.

ಹೊರಡುವಾಗ ಬೀಗರು ಅಂಗಳಕ್ಕೆ ಬಂದು, ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. ‘ಮದುವಿ ಹಾಲಿಂದು ಅಳಿಸಿಬಿಡ್ರಿ. ದೇವದುರ್ಗದ್ದು ಇರ್ಲಿ. ಆ ಡಾಕ್ಟ್ರು ಗುಟ್ಟು ಹೊರಗ ಬಿಡಂಗಿಲ್ಲಂತ ಬರ್ದೀರಲ್ಲ, ಖರೇನೇನ್ರಿ?’ ಎಂದು ದವಡೆ ಒತ್ತಿಕೊಂಡರು. ‘ನಮ್ಮ ಮನ್ಯಾಗ ಒಬ್ಬರಿಗೂ ಗೊತ್ತಾಗಬಾರ್ದು. ಅಣ್ಣ ಅಂತ ತಿಳಕೊಂಡು ನೀವ ಕರ್ಕೊಂಡು ಹೋಗ್ರಿ.’

ಮಾತು ಕೊಟ್ಟೆ. ಹೋದ ವಾರ ಇಬ್ಬರೂ ಗುಟ್ಟಾಗಿ ಹೋಗಿ ಬಂದೆವು. ಬರುವ ದಾರಿಯಲ್ಲಿ ಫೋನು ಎರಡು ಸಲ ಕೇಳಿತು. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಉತ್ತರಿಸಲಿಲ್ಲ. ಬೀಗರ ಗುಟ್ಟನ್ನು ಒಬ್ಬರ ಮುಂದೆಯೂ ಬಿಟ್ಟುಕೊಟ್ಟಿಲ್ಲ. ಅದನ್ನು ಎಷ್ಟು ಸಂಯಮದಿಂದ ಕಾಪಾಡಿದ್ದೇನೆಂಬುದು ನಾಲ್ಕು ಜನರಿಗೆ ತಿಳಿಯಲಿ ಎಂದಷ್ಟೇ ಇದನ್ನು ಬರೆದು ಅಚ್ಚಿಗೆ ಕಳಿಸುತ್ತಿದ್ದೇನೆ.