ನಿಂತ ಕುದುರೆಯ ಸವಾರ

ಟಪಾಲು ಗುಮಾಸ್ತ ಬರೆದದ್ದು ಎರಡೇ ಪದ. ‘ಬೇರೆ ಕ್ರೀಡೆಯಲ್ಲಿ ತೊಡಗಿರುವವರಿಗೆ ಇಂದು ಸಂಜೆಯ ವಾರ್ಷಿಕ ಕ್ರೀಡಾಕೂಟದ ಐದು ಸುತ್ತಿನ ಓಟದಿಂದ ವಿನಾಯಿತಿ’ ಎಂದು ಕಚೇರಿಯ ಸುತ್ತೋಲೆಯಲ್ಲಿತ್ತು. ಅದರ ಕೆಳಗಿನ ಖಾಲಿ ಜಾಗದಲ್ಲಿ ಆತ ‘ಕುದುರೆ ಸವಾರಿ’ ಎಂದು ಗೀಚಿಬಿಟ್ಟ. ಕುದುರೆಯನ್ನು ಹತ್ತಿರದಿಂದ ನೋಡಿದವನೂ ಅಲ್ಲ. ಆದರೆ ಹೋದ ವರ್ಷ ಅವನು ಓಟ ಮುಗಿಸುವಷ್ಟರಲ್ಲಿ ಬಹುಮಾನ ಹಂಚಿ, ಡೇರೆ ಬಿಚ್ಚಿ, ಕುರ್ಚಿಗಳನ್ನು ಲಾರಿಗೆ ಹೇರಿ ಆಗಿತ್ತು. ಆ ಅವಮಾನ ಇನ್ನೊಮ್ಮೆ ಬೇಡವೇ ಬೇಡ ಎಂದು ಅವನ ಹಟ.

ಹತ್ತು ಗಂಟೆಗೆಲ್ಲ ಸುದ್ದಿ ಮೇಜಿನಿಂದ ಮೇಜಿಗೆ ಹಬ್ಬಿತು.

“ಓಡೋದು ಕುದುರೆ, ಕೂರೋದು ನೀನು. ನಿನಗೆ ಅದು ಹೇಗಯ್ಯಾ ಕ್ರೀಡೆ?” ಎಂದು ಕ್ಯಾಷಿಯರ್ ತಕರಾರು ತೆಗೆದ. “ಹಾಗಾದ್ರೆ ದಿನಾ ಬಸ್ಸಲ್ಲಿ ಕೂತು ಬರೋ ನಾನೂ ಕ್ರೀಡಾಪಟುನೇ!”

“ನೀವು ಕೂತು ಬರ್ತೀರಾ? ನಾನು ಒಂಟಿ ಕಾಲಲ್ಲಿ ನಿಂತು ಬರ್ತೀನಿ. ನನಗೆ ಚಿನ್ನದ ಪದಕ ಕೊಡ್ಸಿ,” ಎಂದಳು ಟೈಪಿಸ್ಟ್.

“ಸವಾರನಿಗೂ ಮೈಯೆಲ್ಲಾ ಕೆಲಸ ಕಣ್ರೀ! ಬೆನ್ನು, ತೊಡೆ, ಹೊಟ್ಟೆ...” ಗುಮಾಸ್ತ ಆವೇಶದಿಂದ ಮೇಜು ಗುದ್ದಿದ.

ಗಲಾಟೆ ಕೇಳಿ ಸಾಹೇಬರೇ ಹೊರಗೆ ಬಂದರು. “ವಾದ ಯಾಕೆ? ಕುದುರೇನೇ ತರಿಸೋಣ! ಸವಾರನಿಗೆ ದಣಿವಾದ್ರೆ ಕ್ರೀಡೆ, ಆಗ್ಲಿಲ್ಲ ಅಂದ್ರೆ ಓಟ!”

ಗುಮಾಸ್ತ ಮೇಜು ಗುದ್ದಿದ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡ.

ನಾಲ್ಕಕ್ಕೆ ಮೈದಾನಕ್ಕೆ ಕುದುರೆ ಬಂತು. ಅದು ಉದ್ಯಾನದ ಫೋಟೋದವನದು. ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವುದು ಅವನ ಕಸುಬು. ಬೆನ್ನ ಮೇಲೆ ಭಾರ ಬಿದ್ದ ಕೂಡಲೇ ಅಲ್ಲಾಡದೆ ನಿಲ್ಲುವುದು ಕುದುರೆಯ ಕಸುಬು. ಇದು ಗುಮಾಸ್ತನಿಗೆ ಗೊತ್ತಿರಲಿಲ್ಲ.

ನಾಲ್ಕು ಜನ ಸೇರಿ ಅವನನ್ನು ಮೂಟೆಯಂತೆ ಮೇಲೇರಿಸಿದರು. ಸಾಹೇಬರು ನಾಡಿ ಎಣಿಸುವ ತಮ್ಮ ಗಡಿಯಾರವನ್ನು ಅವನ ಕೈಗೆ ಕಟ್ಟಿದರು. ಕುದುರೆ ಒಂದು ಹೆಜ್ಜೆಯೂ ಇಡಲಿಲ್ಲ. ಈಗ ಓಡುತ್ತೆ, ಈಗ ಓಡುತ್ತೆ ಎಂದು ಅವನ ಜೀವ ಬಾಯಿಗೆ ಬಂತು. ಅದು ಕಿವಿ ಅಲ್ಲಾಡಿಸಿತು. ಇವನು ಕತ್ತು ತಬ್ಬಿಕೊಂಡ. ಅದು ಬಾಲ ಬೀಸಿತು. ಇವನು ಹೋ ಎಂದು ಕಿರುಚಿದ. ಶರ್ಟು ತೊಯ್ದು ತೊಪ್ಪೆಯಾಯಿತು, ತೊಡೆ ಗಡಗಡ ನಡುಗಿತು.

“ನೂರಾ ಎಪ್ಪತ್ತು!” ಸಾಹೇಬರು ಗಡಿಯಾರ ನೋಡಿ ಕೂಗಿದರು. “ಕುದುರೆಗೆ ಒಂದು ಹನಿ ಬೆವರಿಲ್ಲ, ಕೆಲಸವೆಲ್ಲಾ ಇವನದೇ! ಇದು ಸವಾರಂದೇ ಕ್ರೀಡೆ ಕಣ್ರೀ!”

ಮೈದಾನದ ತುಂಬ ಚಪ್ಪಾಳೆ. ಕ್ಯಾಷಿಯರ್ ಮುಖ ಸಪ್ಪಗೆ ಮಾಡಿಕೊಂಡ. ಗೆದ್ದೆ ಎಂದು ಗುಮಾಸ್ತನ ಕಣ್ಣಲ್ಲಿ ನೀರೇ ಬಂತು.

ಸಾಹೇಬರ ಉತ್ಸಾಹ ಅಲ್ಲಿಗೆ ನಿಲ್ಲಲಿಲ್ಲ. “ಇಂಥ ಕ್ರೀಡೆ ಇರುವಾಗ ಓಟ ಯಾಕೆ? ರದ್ದು! ನಾಳೆಯಿಂದ ದಿನಾ ಬೆಳಿಗ್ಗೆ ಆರಕ್ಕೆ ಎಲ್ಲರಿಗೂ ಕುದುರೆ ಸವಾರಿ. ನಿಲ್ಲೋ ಕುದುರೆ ಅಲ್ಲ, ಓಡೋ ಕುದುರೆಗಳನ್ನೇ ತರಿಸ್ತೀನಿ. ಕಲಿಸೋರು ನಮ್ಮ ಗುಮಾಸ್ತರು!”

“ಬೇಡ ಸಾರ್! ನಾನು ಓಡ್ತೀನಿ ಸಾರ್! ಐದಲ್ಲ, ಹತ್ತು ಸುತ್ತು ಓಡ್ತೀನಿ!” ಗುಮಾಸ್ತ ಮೇಲಿಂದಲೇ ಗೋಗರೆದ.

“ನೋಡ್ರಪ್ಪಾ, ಇಷ್ಟು ದಣಿದ ಮೇಲೂ ಓಡ್ತಾನಂತೆ. ಕ್ರೀಡಾಪಟು ಅಂದ್ರೆ ಇವನು!” ಎಂದು ಸಾಹೇಬರು ಅವನೊಬ್ಬನಿಗೆ ಓಟವನ್ನೂ ಮಂಜೂರು ಮಾಡಿದರು.