ರಾಕ್ ಸಂಗೀತಕ್ಕೆ ಐದು ಆಕರ

ಲೈಬ್ರರಿ ಅಂದರೆ ಸದ್ದಿಲ್ಲದ ಜಾಗ, ಅಲ್ಲಿ ಏನೂ ನಡೆಯುವುದಿಲ್ಲ ಎಂದು ನಂಬಿರುವವರು ಒಂದು ವಾರ ಬಂದು ನನ್ನ ಕುರ್ಚಿಯಲ್ಲಿ ಕೂತು ನೋಡಬೇಕು. ಕಡೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಏನಾದರೊಂದು ಎಡವಟ್ಟು ನಡೆಯದೆ ಶನಿವಾರ ಬಂತು ಅಂದರೆ ಈ ವಾರ ರಜೆಯೇ ಇತ್ತೇನೋ ಎಂದು ನನಗೇ ಅನುಮಾನ ಬರುತ್ತದೆ. ಹೋದ ವರ್ಷ ಮಾತ್ರ ಎಡವಟ್ಟುಗಳು ಬಿಡಿಬಿಡಿಯಾಗಿ ಬರಲಿಲ್ಲ, ಒಬ್ಬ ಹುಡುಗಿಯ ಹಿಂದೆ ಸಾಲಾಗಿ ಬಂದವು.

ಬೇಕೇ ಬೇಕು

ನಮ್ಮ ಪತ್ರಿಕೋದ್ಯಮದ ಮೇಷ್ಟ್ರಿಗೆ ಇಂಟರ್ನೆಟ್ ಕಂಡರೆ ಆಗುವುದಿಲ್ಲ. ಅದಕ್ಕೆ ಕಾರಣವೂ ಇದೆ. ಅದರ ಹಿಂದಿನ ವರ್ಷ ಹನ್ನೊಂದು ಜನ ಒಂದೇ ಪ್ರಾಜೆಕ್ಟನ್ನು ಇಳಿಸಿಕೊಂಡು, ರಟ್ಟು ಮಾತ್ರ ಬೇರೆ ಬೇರೆ ಬಣ್ಣದ್ದು ಹಾಕಿಸಿ ಕೊಟ್ಟಿದ್ದರು. ಮೇಷ್ಟ್ರಿಗೆ ಗೊತ್ತಾದದ್ದು ಕೃತಜ್ಞತೆಯ ಪುಟದಲ್ಲಿ. ಹನ್ನೊಂದು ಜನರೂ ಸೂರತ್‌ನಲ್ಲಿರುವ ಒಬ್ಬ ಸೋದರಮಾವನಿಗೆ ವಂದನೆ ಹೇಳಿದ್ದರು.

ಅಂದಿನಿಂದ ಮೇಷ್ಟ್ರು ಕಾನೂನು ತಂದರು. ಪ್ರಾಜೆಕ್ಟಿಗೆ ಕಡೇ ಪಕ್ಷ ಐದು ಆಕರಗಳು ನಮ್ಮ ಕಾಲೇಜಿನ ಲೈಬ್ರರಿಯವೇ ಆಗಿರಬೇಕು. ಪ್ರತಿಯೊಂದಕ್ಕೂ ಅಕ್ಸೆಷನ್ ನಂಬರ್ ಇರಬೇಕು, ಅಂದರೆ ಆ ವಸ್ತು ಲೈಬ್ರರಿಯ ಸ್ವತ್ತು ಎಂದು ನನ್ನ ದಪ್ಪ ರಿಜಿಸ್ಟರಿನಲ್ಲಿ ಬಿದ್ದಿರುವ ನಂಬರ್. ಜೊತೆಗೆ ನನ್ನ ಸಹಿ, ಸೀಲು. ಇಷ್ಟು ಇಲ್ಲದಿದ್ದರೆ ವಿಷಯ ಬದಲಾಯಿಸಬೇಕು.

ಹಿರೇನಲ್ಲೂರು ಕಡೆಯ ಹುಡುಗಿಯೊಬ್ಬಳು ತೆಗೆದುಕೊಂಡಿದ್ದ ವಿಷಯ ರಾಕ್ ಸಂಗೀತ. ನನ್ನ ಮೇಜಿನ ಮುಂದೆ ನಿಂತು ಕಷ್ಟ ಹೇಳಿಕೊಂಡಳು. "ಸಾರ್, ಐದು ಸಿಗ್ಲಿಲ್ಲ ಅಂದ್ರೆ ನೇಗ್ಲು ಕುಂಟೆ ಮೇಲೆ ಬರೀಬೇಕಂತೆ. ಅವನ್ನ ನಮ್ಮಪ್ಪ ದಿನಾ ನನ್ ಕೈಲೇ ತೊಳುಸ್ತಾರೆ."

ರಾಕ್ ಅಂದರೆ ಯಾವುದಮ್ಮ, ಒಂಚೂರು ಕೇಳಿಸು ಅಂದೆ. ಇಯರ್‌ಫೋನಿನ ಒಂದು ಕಡ್ಡಿ ನನ್ನ ಕಿವಿಗೆ ಇಟ್ಟು, ಇನ್ನೊಂದನ್ನು ತಾನಿಟ್ಟುಕೊಂಡಳು. ನನಗೆ ಕೇಳಿಸಿದ್ದು ಬೋರ್‌ವೆಲ್ ಲಾರಿ ಕೆಲಸ ಮಾಡುವ ಸದ್ದು. ಆದರೆ ಅವಳ ಮುಖ ನೋಡಿದೆ. ದೇವನೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವರ ಮುಖದಲ್ಲೂ ಅಷ್ಟು ಸುಖ ನಾನು ಕಂಡಿಲ್ಲ. ಈ ಮಗುವಿಗೆ ನೇಗಿಲು ಬರೆಸಬಾರದು ಅನ್ನಿಸಿತು. ಹುಡುಕೋಣ ಬಿಡು ಅಂದುಬಿಟ್ಟೆ. ಬೋರ್‌ವೆಲ್ ಎಷ್ಟು ಅಡಿಗೆ ಹೋಯಿತು ಎಂದು ಮಾತ್ರ ಕೇಳಲಿಲ್ಲ.

ಗಾಜಿನ ಬೀರು

ನಮ್ಮಲ್ಲಿ ಇಂಗ್ಲಿಷ್ ವಿಶ್ವಕೋಶದ ಪೂರ್ತಿ ಸೆಟ್ಟಿದೆ. ಗಾಜಿನ ಬೀರುವಿನಲ್ಲಿ, ಬೀಗದೊಳಗೆ. ಕಾಲೇಜು ತಪಾಸಣೆಗೆ ಬರುವವರು ಅದನ್ನು ನೋಡಿ ತಲೆದೂಗಿ ಹೋಗಲಿ ಎಂಬುದೇ ಅದರ ಕೆಲಸ. ಕೀಲಿಕೈ ನನ್ನ ಹತ್ತಿರ ಇಲ್ಲ. ನನಗಿಂತ ಹಿಂದಿದ್ದವರು ಚಾರ್ಜ್ ಕೊಡುವಾಗ "ಬೀರು ಒಂದು, ಬೀಗ ಒಂದು" ಎಂದು ಬರೆದುಕೊಟ್ಟಿದ್ದರು. ಕೀಲಿಕೈ ಪಟ್ಟಿಯಲ್ಲೇ ಇರಲಿಲ್ಲವಾದ್ದರಿಂದ ನಾನೂ ಕೇಳಿರಲಿಲ್ಲ.

ಬೀಗ ಒಡೆಯಲು ಪ್ರಿನ್ಸಿಪಾಲರ ಅನುಮತಿ ಬೇಕು. ಅರ್ಜಿ ಬರೆದೆ. ಅವರು ಬೀಗ ಒಡೆಯುವಾಗ ಹಾಜರಿರಲು ಮೂವರ ಸಮಿತಿ ಮಾಡಿದರು. ಮೂವರೂ ಒಟ್ಟಿಗೆ ಬಿಡುವಾಗಲು ಒಂದು ವಾರ ಹಿಡಿಯಿತು. ಕೊನೆಗೆ ಎಲ್ಲರೂ ಬೀರುವಿನ ಮುಂದೆ ಸೇರಿ, ಸುತ್ತಿಗೆ ತಂದವನು ಇನ್ನೇನು ಕೈ ಎತ್ತಬೇಕು, ಅಷ್ಟರಲ್ಲಿ ನಮ್ಮ ಅಟೆಂಡರಮ್ಮ ಯಾವ ಪುಸ್ತಕ ಬೇಕು ಎಂದು ಕೇಳಿದರು. ಹೇಳಿದೆ. ಬೀರುವಿನ ಹಿಂದಕ್ಕೆ ಹೋಗಿ, ಕೈ ಹಾಕಿ, ಆ ಸಂಪುಟವನ್ನು ತಂದು ನನ್ನ ಕೈಗಿಟ್ಟರು.

ಬೀರುವಿಗೆ ಹಿಂದಿನ ಹಲಗೆಯೇ ಇರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಹೇಳಿದರೆ ನೀವು ಹಲಗೆ ಹೊಡೆಸುತ್ತೀರಿ, ಆಮೇಲೆ ನನ್ನ ಊಟದ ಡಬ್ಬಿ ಎಲ್ಲಿಡಲಿ ಅಂದರು. ವಿಶ್ವಕೋಶದಲ್ಲಿ ರಾಕ್ ಸಂಗೀತದ ಬಗ್ಗೆ ಮೂರು ಪುಟ ಸಿಕ್ಕಿತು. ಮೂರಕ್ಕೂ ಮಾವಿನಕಾಯಿ ಉಪ್ಪಿನಕಾಯಿಯ ಪರಿಮಳವಿತ್ತು.

ಗೋಡೆಯ ಮೇಲಿನ ಅರ್ಧ ಪುಟ

ಎರಡನೆಯದು ಸಿಕ್ಕಿದ್ದು ಹಳೆಯ ಇಂಗ್ಲಿಷ್ ವಾರಪತ್ರಿಕೆಗಳ ಬೈಂಡಿನಲ್ಲಿ. ರಾಕ್ ತಂಡಗಳ ಬಗ್ಗೆ ದೊಡ್ಡ ಲೇಖನ. ಹುಡುಗಿ ಖುಷಿಯಿಂದ ಪುಟ ತಿರುವಿದರೆ ನಡುವೆ ಕಿಟಕಿಯಷ್ಟು ದೊಡ್ಡ ತೂತು. ಆ ಹಾಳೆಯ ಬೆನ್ನಿಗಿದ್ದ ಕ್ರಿಕೆಟ್ ಆಟಗಾರನ ಚಿತ್ರವನ್ನು ಯಾರೋ ಬ್ಲೇಡಿನಲ್ಲಿ ಕತ್ತರಿಸಿಕೊಂಡು ಹೋಗಿದ್ದರು. ಮುಖ್ಯವಾದ ವಿಷಯವೆಲ್ಲ ಅವನ ಜೊತೆಗೇ ಹೋಗಿತ್ತು.

ಇಂಥ ಕಳ್ಳನನ್ನು ಹುಡುಕುವುದು ಕಷ್ಟವಲ್ಲ, ಹೆಮ್ಮೆಯಿಂದ ಎಲ್ಲಾದರೂ ಅಂಟಿಸಿಯೇ ಇರುತ್ತಾನೆ. ನಮ್ಮ ಕ್ರೀಡಾ ವಿಭಾಗದ ಕೋಣೆಯಲ್ಲಿ ಆ ಆಟಗಾರ ಫ್ರೇಮಿನೊಳಗೆ, ಹಾರ ಹಾಕಿಸಿಕೊಂಡು ನಿಂತಿದ್ದ. ಇನ್ನೂ ಬದುಕಿರುವವನಿಗೆ ಹಾರ ಯಾಕೆ ಸಾರ್ ಎಂದು ದೈಹಿಕ ಶಿಕ್ಷಣದ ಮೇಷ್ಟ್ರನ್ನು ಕೇಳಿದೆ. ನಿವೃತ್ತಿಯಾದನಲ್ಲ ಅಂದರು.

ಫ್ರೇಮ್ ಕೊಡಲು ಅವರು ಒಪ್ಪಲಿಲ್ಲ. ತಿರುಗಿಸಿ ಓದಿಕೊಳ್ಳಲು ಮಾತ್ರ ಬಿಟ್ಟರು, ಅದೂ ತಾವು ಎದುರಿಗೆ ಇದ್ದಾಗ. ಹುಡುಗಿ ಹಿಂದಿನ ರಟ್ಟು ಬಿಚ್ಚಿ, ಎರಡು ದಿನ ಅಲ್ಲೇ ನೆಲದ ಮೇಲೆ ಕೂತು ಬರೆದುಕೊಂಡಳು. ನಾನು ಅಕ್ಸೆಷನ್ ನಂಬರಿನ ಮುಂದೆ ಷರಾ ಬರೆದೆ: ಸುಮಾರು ಮುಕ್ಕಾಲು ಭಾಗ ಲೈಬ್ರರಿಯಲ್ಲಿ, ಉಳಿದದ್ದು ಗೋಡೆಯಲ್ಲಿ.

ಏಳು ಮುಚ್ಚಳ

ಕೆಮ್ಮಣ್ಣುಗುಂಡಿಯಲ್ಲಿ ಗಣಿ ನಡೆಯುತ್ತಿದ್ದ ಕಾಲದ ಎಂಜಿನಿಯರ್ ಒಬ್ಬರು ಊರು ಬಿಡುವಾಗ ನಮ್ಮ ಕಾಲೇಜಿಗೆ ಒಂದು ಪೆಟ್ಟಿಗೆ ಕೊಟ್ಟುಹೋಗಿದ್ದರಂತೆ, ಅದರಲ್ಲಿ ಹಾಡಿನ ತಟ್ಟೆಗಳಿದ್ದವಂತೆ. ಇದನ್ನು ಹೇಳಿದವರು ಇತಿಹಾಸದ ಮೇಷ್ಟ್ರು. ಪುಸ್ತಕದ ರಿಜಿಸ್ಟರ್ ಪೂರ್ತಿ ತಿರುವಿ ಹಾಕಿದೆ, ಇರಲಿಲ್ಲ. ಕೊನೆಗೆ ಕುರ್ಚಿ, ಮೇಜು, ಗಡಿಯಾರಗಳನ್ನು ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರ್ ತೆಗೆದೆ. ಅಲ್ಲಿ ಹಿಂದಿನವರ ಮುದ್ದಾದ ಅಕ್ಷರದಲ್ಲಿ ಹೀಗಿತ್ತು: "ಮುಚ್ಚಳ, ಕಪ್ಪು, ದುಂಡಗೆ, ನಡುವೆ ತೂತು, ಏಳು."

ಓದಿದವನೇ ನೀರಿನ ಮಡಕೆಯ ಕಡೆ ತಿರುಗಿದೆ. ನಮ್ಮ ಲೈಬ್ರರಿಯ ಮಡಕೆಯ ಮೇಲೆ ಅಂಥದ್ದೊಂದು ಇತ್ತು. ಕೆಲಸಕ್ಕೆ ಸೇರಿದಾಗಿನಿಂದ ಅದನ್ನು ಎತ್ತಿ ಎತ್ತಿ ನೀರು ಕುಡಿದಿದ್ದೇನೆ. ಉಳಿದ ಆರೂ ಬೇರೆ ಬೇರೆ ವಿಭಾಗದ ಮಡಕೆಗಳ ಮೇಲಿದ್ದವು. ನಾನೂ ಹುಡುಗಿಯೂ ಕೋಣೆ ಕೋಣೆಗೆ ಹೋಗಿ ಮಡಕೆ ಮುಚ್ಚಳ ಕೊಡಿ ಎಂದು ಬೇಡಿದೆವು. ಅರ್ಥಶಾಸ್ತ್ರದವರು ಬದಲಿ ಮುಚ್ಚಳ ತಂದರೆ ಮಾತ್ರ ಕೊಡುತ್ತೇವೆ ಅಂದರು.

ತೊಳೆದು ನಡುವಿನ ಚೀಟಿ ಓದಿದಾಗ ಎರಡು ರಾಕ್ ಸಂಗೀತದವು ಎಂದು ಹುಡುಗಿ ಕುಣಿದಾಡಿದಳು. ಅವೆರಡನ್ನು ಮೂರು ಮತ್ತು ನಾಲ್ಕು ಎಂದು ಎಣಿಸಿಕೊಂಡೆವು. ಆದರೆ ಡೆಡ್ ಸ್ಟಾಕಿನಿಂದ ನನ್ನ ರಿಜಿಸ್ಟರಿಗೆ ತರಲು ಮತ್ತೆ ಆದೇಶ ಬೇಕು. ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆ. ಅವರು ಓದದೆಯೇ ಸಹಿ ಹಾಕಿದ ಆ ಕಾಗದ ಇವತ್ತಿಗೂ ನನ್ನ ಫೈಲಿನಲ್ಲಿದೆ. ವಿಷಯ: ಎರಡು ಮುಚ್ಚಳಗಳನ್ನು ಸಂಗೀತವನ್ನಾಗಿ ಪರಿವರ್ತಿಸಲು ಅನುಮತಿ ಕೋರಿ.

ತರೀಕೆರೆಯ ಸ್ನೇಹಿತ

ಐದನೆಯದು ಸಿಗಲೇ ಇಲ್ಲ. ಪ್ರಾಜೆಕ್ಟ್ ಕೊಡಲು ಹತ್ತು ದಿನ ಉಳಿದಿತ್ತು. ಹುಡುಗಿ ದಿನಾ ಬಂದು ಏನೂ ಕೇಳದೆ ನಿಂತು ಹೋಗುತ್ತಿದ್ದಳು. ಕೇಳಿದ್ದರೆ ಬೈದಾದರೂ ಕಳಿಸಬಹುದಿತ್ತು, ನಿಂತು ಹೋದರೆ ಏನು ಮಾಡುವುದು.

ತರೀಕೆರೆಯ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿರುವ ಸ್ನೇಹಿತನ ಹತ್ತಿರ ಹೋದೆ. ಅವನಲ್ಲಿ ರಾಕ್ ಸಂಗೀತದ ಚರಿತ್ರೆಯ ಪುಸ್ತಕವೇ ಇತ್ತು, ಒಮ್ಮೆಯೂ ಬಿಚ್ಚದ್ದು. ಆದರೆ ನಂಬರ್ ಅವರ ಕಾಲೇಜಿನದು. ನಮಗೆ ದಾನ ಕೊಟ್ಟುಬಿಡು ಮಾರಾಯ ಅಂದೆ. ದಾನ ಕೊಡಕ್ಕೆ ಬರಲ್ಲ, ಕಳೆದುಹೋಯ್ತು ಅಂತ ತೋರಿಸಬೇಕು ಅಂದ. ತೋರಿಸು ಅಂದೆ. ಅವನು ಪುಸ್ತಕವನ್ನು ಮತ್ತೆ ಬೀರುವಿಗೆ ಇಟ್ಟ.

"ಕಳೆದ್ರೆ ವಿಚಾರಣೆ ಆಗ್ಬೇಕು ಕಣೋ. ವಿಚಾರಣೆ ಸಮಿತಿ ಸಂಚಾಲಕ ನಾನೇ. ನನಗೆ ನಾನೇ ನೋಟಿಸ್ ಕೊಡ್ಬೇಕು. ನನ್ ಸ್ವಭಾವ ನಂಗೊತ್ತು, ನಾನು ಬಿಡಲ್ಲ."

ಆದರೂ ಕಾಫಿ ಕುಡಿಸಿ, ಅಜ್ಜಂಪುರಕ್ಕೆ ಹೋಗು, ಅಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಒಬ್ಬನಿದ್ದಾನೆ, ಹರೆಯದಲ್ಲಿ ಬೆಂಗಳೂರಿನ ಹೋಟೆಲುಗಳಲ್ಲಿ ಗಿಟಾರ್ ಬಾರಿಸುತ್ತಿದ್ದ ಎಂದು ದಾರಿ ತೋರಿಸಿದ. ನಂಬರ್ ಬಿದ್ದಿರುವ ವಸ್ತು ಬೇಕು ಕಣೋ, ಮನುಷ್ಯನನ್ನು ತಗೊಂಡು ಏನು ಮಾಡಲಿ ಅಂದೆ. ರಿಜಿಸ್ಟರ್ ನಿನ್ನದೇ ತಾನೆ ಅಂದ.

ಐದನೆಯದು

ಅಜ್ಜಂಪುರದ ಆ ಮೋಟಾರ್ ಅಂಗಡಿಯವರಿಗೆ ಅರವತ್ತು ದಾಟಿತ್ತು. ಮೋಟಾರಿಗೆ ಸುತ್ತುವ ತಾಮ್ರದ ತಂತಿಯನ್ನೇ ಸುತ್ತಿ ಗಿಟಾರಿನ ಸದ್ದು ಹಿಡಿಯುವ ಯಂತ್ರ ಮಾಡಿಕೊಂಡಿದ್ದರು. ನಾನೂ ಹುಡುಗಿಯೂ ನಮ್ಮ ಎರಡು ಮುಚ್ಚಳಗಳನ್ನು ಒಯ್ದಿದ್ದೆವು. ಅಂಗಡಿಯ ಮೂಲೆಯಿಂದ ಹಳೆಯ ಪ್ಲೇಯರ್ ತೆಗೆದು ಒಂದನ್ನು ಹಾಕಿದರು. ಅಷ್ಟು ವರ್ಷ ಮಡಕೆ ಕಾಯ್ದರೂ ಅದು ಹಾಡಿತು. ಹುಡುಗಿ ಅತ್ತೇಬಿಟ್ಟಳು. ಅವರು ಇನ್ನೊಂದನ್ನೂ ಹಾಕಿದರು. ಆಮೇಲೆ ನಾಲ್ಕು ಗಂಟೆ ಹೊತ್ತು ಮಾತಾಡಿದರು. ಮೋಟಾರ್ ಬಿಟ್ಟುಹೋಗಿದ್ದ ಇಬ್ಬರು ರೈತರು ಬಂದು, ಕೂತು, ಕೇಳಿ, ಮೋಟಾರ್ ಮರೆತು ಹೋದರು.

ಅದನ್ನೆಲ್ಲ ಹುಡುಗಿ ಫೋನಿನಲ್ಲಿ ಹಿಡಿದಿದ್ದಳು. ಪತ್ರಿಕೋದ್ಯಮದ ಮೇಷ್ಟ್ರು ಫೋನಿನಲ್ಲಿರುವುದೆಲ್ಲ ಇಂಟರ್ನೆಟ್ಟೇ ಎಂದು ತಳ್ಳಿಹಾಕಿದರು. ನನಗೆ ಸಿಟ್ಟು ನೆತ್ತಿಗೇರಿತು. ರಿಜಿಸ್ಟರ್ ತೆಗೆದು ಮುಂದಿನ ನಂಬರ್ ಹಾಕಿ ಅಜ್ಜಂಪುರದವರನ್ನೇ ಬರೆದೆ. ಕರ್ತೃ: ಅವರ ತಂದೆಯ ಹೆಸರು. ಪ್ರಕಟಣೆಯ ಸ್ಥಳ: ಅಜ್ಜಂಪುರ. ಸಂಪುಟ: ಒಂದು. ಬೈಂಡಿಂಗ್: ಸಾಧಾರಣ. ಹೇಗೆ ಬಂತು: ಕರೆದಾಗ ಬರುತ್ತಾರೆ. ಮೇಷ್ಟ್ರು ನಂಬರ್ ನೋಡಿದರು, ಸೀಲು ನೋಡಿದರು. ಕಾನೂನು ಅವರದೇ ಆದ್ದರಿಂದ ಒಪ್ಪಿಕೊಂಡರು.

ವೈವಾ ದಿನ ಹೊರಗಿನಿಂದ ಪರೀಕ್ಷಕರು ಬಂದರು, ಯಾರನ್ನೂ ನಂಬದ ಮನುಷ್ಯ. ಐದು ಆಕರಗಳನ್ನೂ ಕಣ್ಣಾರೆ ನೋಡಬೇಕು, ಒಂದು ಕಡಿಮೆಯಾದರೂ ಪ್ರಾಜೆಕ್ಟ್ ವಾಪಸ್ ಎಂದು ಹೇಳಿಯೇ ಕೂತರು. ಇದು ಗೊತ್ತಿದ್ದೇ ಅಜ್ಜಂಪುರದವರನ್ನು ಬೆಳಿಗ್ಗೆಯೇ ಕರೆಸಿದ್ದೆ. ಅಟೆಂಡರಮ್ಮ ಹೊಸ ಪುಸ್ತಕಕ್ಕೆ ಮಾಡುವ ಹಾಗೆಯೇ ಅವರ ಮುಂಗೈಗೆ ಲೈಬ್ರರಿ ಸೀಲು ಒತ್ತಿ, ನಂಬರ್ ಬರೆದು, ಒಂದೇ ಪ್ರತಿ ಇದೆ ಎಂದು ಪಕ್ಕದಲ್ಲಿ 'ರೆಫರೆನ್ಸ್' ಎಂಬ ಕೆಂಪು ಸೀಲನ್ನೂ ಒತ್ತಿದರು. ಇಲ್ಲೇ ಕೂತು ನೋಡಬೇಕು, ಮನೆಗೆ ಕೊಡುವುದಿಲ್ಲ ಎಂದು ಅದರ ಅರ್ಥ. ಕಳುವಾದರೆ ಗುರುತಿರಲಿ ಎಂದು ಪ್ರತಿ ಪುಸ್ತಕದ ಒಳಗೆ ಒಂದು ಗುಟ್ಟಿನ ಪುಟಕ್ಕೂ ನಾವು ಸೀಲು ಒತ್ತುತ್ತೇವೆ. ಅಟೆಂಡರಮ್ಮ ಅದನ್ನೂ ನೆನಪಿಸಿದಾಗ ಅವರು ಅಂಗಿಯ ಗುಂಡಿ ಭದ್ರ ಮಾಡಿಕೊಂಡು, ಇಷ್ಟು ಸಾಕಮ್ಮ ಅಂದರು.

ವಿಶ್ವಕೋಶ ಹೋಯಿತು. ಪತ್ರಿಕೆಯ ಬೈಂಡು ಹೋಯಿತು, ಹಿಂದೆಯೇ ದೈಹಿಕ ಶಿಕ್ಷಣದ ಮೇಷ್ಟ್ರು ಹಾರದ ಸಮೇತ ಫ್ರೇಮ್ ಹಿಡಿದು ಹೋದರು. ಎರಡು ತಟ್ಟೆ ಹೋದವು. ಐದನೆಯದು ಎಂದಾಗ ಅಜ್ಜಂಪುರದವರು ಒಳಗೆ ಹೋಗಿ ಕೈ ಮುಂದೆ ಮಾಡಿ ನಿಂತರು. ಪರೀಕ್ಷಕರು ಕೈಯ ಮೇಲಿನ ನಂಬರನ್ನು ರಿಜಿಸ್ಟರಿನೊಂದಿಗೆ ಎರಡು ಸಲ ತಾಳೆ ನೋಡಿದರು.

ಕೊನೆಗೆ ಪರೀಕ್ಷಕರು ಪ್ರಾಜೆಕ್ಟಿನ ಒಂದು ಸಾಲಿಗೆ ಬೆರಳಿಟ್ಟು, ಇದನ್ನು ಈ ಆಕರದಿಂದ ತಗೊಂಡಿದ್ದೀಯ, ಪುಟ ಸಂಖ್ಯೆ ಎಲ್ಲಿ ಎಂದು ಹುಡುಗಿಯನ್ನು ಕೇಳಿದರು. ಹುಡುಗಿ ಅಜ್ಜಂಪುರದವರ ಕಡೆ ತಿರುಗಿದಳು. ಅವರು ಆ ಸಾಲನ್ನು ಓದಿಸಿಕೊಂಡು ಯೋಚಿಸಿದರು. "ಇದು ನಡೆದಾಗ ನಂಗೆ ಇಪ್ಪತ್ತೆಲ್ಡು ವರ್ಷ ಸಾರ್. ಇಪ್ಪತ್ತೆಲ್ಡನೇ ಪುಟ ಅಂತ ಹಾಕ್ಕಳಿ."

ಪರೀಕ್ಷಕರು ಪೆನ್ನು ಕೆಳಗಿಟ್ಟರು. ಮುಂದಿನ ಪುಟದಲ್ಲೇನಿದೆ ಎಂದು ಕೇಳಿದರು. ಇವರು ಹೇಳಿದರು. ಅದರ ಮುಂದಿನದು ಕೇಳಿದರು, ಹಾಗೆಯೇ ಮಧ್ಯಾಹ್ನದ ಊಟದ ಹೊತ್ತಿಗೆ ನಲವತ್ತನೆಯ ಪುಟಕ್ಕೆ ಬಂದಿದ್ದರು. ಆಮೇಲೆ ಹುಡುಗಿಗೆ ನಾಲ್ಕು ಪ್ರಶ್ನೆ ಕೇಳಿ, ನಾಲ್ಕಕ್ಕೂ ಉತ್ತರ ಬಂದಾಗ ಪ್ರಾಜೆಕ್ಟಿನ ಮೇಲೆ ಸಹಿ ಹಾಕಿ, ಇಂಥ ಆಕರಪಟ್ಟಿ ನಾನು ನೋಡೇ ಇಲ್ಲ ಅಂದರು. ಹುಡುಗಿ ಹೊರಗೆ ಬಂದು ಅಟೆಂಡರಮ್ಮನನ್ನು ತಬ್ಬಿಕೊಂಡಳು. ನಾನು ಕನ್ನಡಕ ಒರೆಸಿಕೊಂಡೆ, ಅದು ಮಸುಕಾಗಿರಲಿಲ್ಲ.

ಹೊರಡುವಾಗ ಪರೀಕ್ಷಕರು ನನ್ನನ್ನು ಪಕ್ಕಕ್ಕೆ ಕರೆದರು. ಮುಂದಿನ ವಾರ ಮಗಳ ಮದುವೆಯಂತೆ. ಆರತಕ್ಷತೆಗೆ ಗೊತ್ತು ಮಾಡಿದ್ದ ಗಿಟಾರಿನವನು ಕೈ ಕೊಟ್ಟಿದ್ದಾನಂತೆ. ನಿಮ್ಮ ಐದನೆಯ ಆಕರವನ್ನು ಒಂದು ದಿನದ ಮಟ್ಟಿಗೆ ನನ್ನ ಹೆಸರಿಗೆ ಇಶ್ಯೂ ಮಾಡಿ ಎಂದು ಮೆಲ್ಲಗೆ ಕೇಳಿದರು. ಹೊರಗಿನವರಿಗೆ ಕೊಡಬಹುದೋ ಇಲ್ಲವೋ ಎಂದು ನಾನು ನಿಯಮ ನೆನಪಿಸಿಕೊಳ್ಳುತ್ತ ನಿಂತೆ. ಅಷ್ಟರಲ್ಲಿ ಅಜ್ಜಂಪುರದವರೇ ಮುಂದೆ ಬಂದು, ತೋಳು ಮಡಚಿ, ಕೆಂಪು ಸೀಲು ತೋರಿಸಿದರು.

"ನಾನು ರೆಫರೆನ್ಸ್ ಸಾರ್. ಮನೇಗೆ ಕೊಡಾಕಿಲ್ಲ. ಮದ್ವೆನೇ ಲೈಬ್ರರೀಲಿ ಮಾಡ್ಕಳಿ."