ಬೆಲ್ಲ ಕಾಯುವ ಕಣ್ಣು

ಕಣ್ಣಿಗೆ ಕಾಣದ್ದನ್ನು ದೇವರಿಗೆ ಬಿಟ್ಟು ಸುಮ್ಮನಿರುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ಮರಳಿ ಬಂದು ಬೀಗ ಜಗ್ಗಿ ನೋಡುತ್ತೇನೆ. ಮ್ಯಾನೇಜರನಾದ ಇಂಥವನ ಕೈಗೆ ಗೋಕಾಕದ ನಮ್ಮ ಟ್ರಾನ್ಸ್‌ಪೋರ್ಟ್ ಮಾಲೀಕರು ಟ್ರೇಲರಿನ ಹೊಟ್ಟೆಯೊಳಗೆ ಇಣುಕುವ ಯಂತ್ರ ಕೊಟ್ಟರು. ಮುಚ್ಚಿದ ಟ್ರೇಲರಿನ ಒಳಮೂಲೆಯಲ್ಲಿ ಒಂದು ಕ್ಯಾಮೆರಾ, ಗೋಡೆಗೆ ಅಲುಗಾಟ, ತೇವ ಅಳೆಯುವ ಒಂದು ಡಬ್ಬಿ. ಸರಕು ಸರಿದರೆ, ತೇವ ಹತ್ತಿದರೆ ನನ್ನ ಮೊಬೈಲು ಕಿರುಚುತ್ತದೆ. ನಮ್ಮ ರಸ್ತೆಗಳಲ್ಲಿ ಸರಕು ಸರಿಯದೆ ಇನ್ನೇನು ಮಾಡೀತು? ರಸ್ತೆಯುಬ್ಬಿಗೊಂದು ಕಿರುಚಾಟ. ಮೊನ್ನೆ ಒಲೆಯ ಮೇಲಿನ ಹಾಲು ನನ್ನೆದುರಿಗೇ ಉಕ್ಕಿ ಹರಿದಾಗ ಹೆಂಡತಿ, “ಮನಿಯಾಗಿನ ಹಾಲು ಕಾಣಂಗಿಲ್ಲ, ಊರಾಚೆ ಹೊಂಟ ಬೆಲ್ಲ ಕಾಣತೈತಿ!” ಎಂದಳು.

ಬೆಲ್ಲದ ಚಿಂತೆಗೆ ಕಾರಣವಿತ್ತು. ಮೂಡಲಗಿಯ ವ್ಯಾಪಾರಿಯೊಬ್ಬರ ಬೆಲ್ಲ ಹಿಂದಿನ ಸಲ ನಮ್ಮ ಲಾರಿಯಲ್ಲಿ ನೆನೆದು ಪಾಕವಾಗಿತ್ತು. ಅವರದು ನನಗೆ ಫೋನಿನ ಪರಿಚಯ ಮಾತ್ರ. “ಇನ್ನೊಮ್ಮೆ ಹಿಂಗಾದ್ರ ನಿಮ್ಮ ಗಾಡಿ ನಮ್ಮ ಕಡೆ ಬರೂದು ಬ್ಯಾಡ್ರಿ” ಎಂದಿದ್ದರು. ಅವರು ಕೈಬಿಟ್ಟರೆ ನಮ್ಮ ಅರ್ಧ ಕೆಲಸವೇ ಹೋದಂತೆ. ಕ್ಯಾಮೆರಾದ ಚಿತ್ರ ತಮ್ಮ ಮೊಬೈಲಿಗೂ ಬರಬೇಕೆಂದು ಹಟ ಹಿಡಿದು ಪಡೆದಿದ್ದರು ಬೇರೆ.

ಅಮಾವಾಸ್ಯೆಯ ಮರುದಿನ ಅವರ ಬೆಲ್ಲ ಹೊರಟಿತು. ಗಾಡಿ ಗೋಕಾಕ ದಾಟಿದ ಮೇಲೆ ನನಗೆ ಮೊದಲ ಚಿತ್ರ ಸಿಕ್ಕಿತು. ನೋಡಿದರೆ ಎಲ್ಲ ಬೆಳ್ಳಗೆ, ನಡುವೆ ಒಂದು ಮಬ್ಬು ಕಲೆ! ಮಂಜೋ, ಹೊಗೆಯೋ, ಆರದ ಬೆಲ್ಲದ ಹಬೆಯೋ ತಿಳಿಯಲಿಲ್ಲ. ಅಷ್ಟರಲ್ಲೇ ವ್ಯಾಪಾರಿಯ ಫೋನು: “ಏನ್ರಿ ಇದು, ಒಳಗ ಏನ ನಡದೈತಿ?”

ಚಾಲಕ ಶಿವಪ್ಪಕಾಕಾನಿಗೆ ಫೋನು ಮಾಡಿದೆ. “ಬೆಲ್ಲ ಕಲ್ಲಿನಂಗ ಒಣಗೇತ್ರಿ ಸಾಹೇಬ್ರ” ಎಂದ. ಡಬ್ಬಿಯೂ ತೇವವಿಲ್ಲ ಎನ್ನುತ್ತಿತ್ತು. ಇಬ್ಬರನ್ನೂ ನಾನು ನಂಬಲಿಲ್ಲ. ಹುಕ್ಕೇರಿಯಲ್ಲಿ ಗಾಡಿ ನಿಲ್ಲಿಸಲು ಹೇಳಿ, ಬಸ್ಸು ಹಿಡಿದು ಓಡಿದೆ.

ಕ್ಯಾಮೆರಾ ಇದ್ದದ್ದು ಒಳಮೂಲೆಯಲ್ಲಿ, ನಡುವೆ ಬೆಲ್ಲದ ರಾಶಿ. ಬಿಸಿಲಿನಲ್ಲಿ ಹಮಾಲರನ್ನು ಕರೆತಂದು ಅರ್ಧ ಸರಕು ಇಳಿಸಿದ್ದಾಯಿತು. ಬೆಲ್ಲದ ಒಂದು ಪೆಂಟೆಗೂ, ಎಂದರೆ ಒಂದು ಅಚ್ಚಿಗೂ, ತೇವವಿಲ್ಲ. ಆದರೂ ನನಗೆ ಸಮಾಧಾನವಿಲ್ಲ. ಬೂಟುಗಾಲಿನಲ್ಲೇ ಬೆಲ್ಲದ ಮೇಲೆ ಹತ್ತಿದೆ. ಕಾಲ ಕೆಳಗೆ ಎರಡು ಪೆಂಟೆ ಪಟಕ್ಕನೆ ಒಡೆದವು. ಅಂತೂ ಮೂಲೆ ಮುಟ್ಟಿ ನೋಡಿದರೆ, ಕ್ಯಾಮೆರಾದ ಗಾಜಿನ ಮೇಲೆ ದಪ್ಪಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ!

“ಯಾವ ಶ್ಯಾಣ್ಯಾ ಇದರ ಕಣ್ಣಿಗೆ ವಿಭೂತಿ ಬಡದಾಂವ?” ಎಂದು ಕಿರುಚಿದೆ.

ಕಾಕಾ ತಣ್ಣಗೆ ಹೇಳಿದ: “ನೀವ ರೀ ಸಾಹೇಬ್ರ. ನಿನ್ನೆ ಅಮಾಸಿ ಪೂಜಿಯೊಳಗ ನಾ ಗಾಲಿಗೆ, ಸ್ಟೇರಿಂಗಿಗೆ ಹಚ್ಚಿದ್ನ್ರಿ. ‘ಹೊಸಾ ಯಂತ್ರ, ಅದನ್ಯಾಕ ಬಿಟ್ಟಿ’ ಅಂತ ಬೈದು ನೀವ ಏಣಿ ಹತ್ತಿ ಹಚ್ಚಿದ್ರಿ.”

ಹಮಾಲರು ಬೇರೆ ಕಡೆ ಮುಖ ತಿರುಗಿಸಿ ನಕ್ಕರು. ನಾನು ಟವೆಲಿನಿಂದ ಗಾಜು ಒರೆಸಿದೆ. ಒರೆಸಿ ಮುಗಿಸುವಷ್ಟರಲ್ಲಿ ವ್ಯಾಪಾರಿಯ ಫೋನು ಬಂತು.

“ಈಗ ಸ್ವಚ್ಛ ಕಾಣಾಕತ್ತೈತ್ರಿ. ಬೆಲ್ಲ ಒಣಗೇತಿ, ಚಲೋ ಆತು. ನಿಮ್ಮ ಗಾಡಿನ ಇರಲಿ. ಖರೆ, ಬೂಟ್ ಹಾಕ್ಕೊಂಡು ಪೆಂಟಿ ತುಳದು ನಿಂತಾನಲ್ರಿ, ಆ ಮನಿಷ್ಯಾ ಯಾರು? ಅವನ್ನ ಮೊದಲ ಕೆಲಸದಿಂದ ತಗೀರಿ.”

“ವಿಚಾರ ಮಾಡ್ತೇನ್ರಿ” ಎಂದು ಹೇಳಿ, ಮೆಲ್ಲಗೆ ಅದೇ ಟವೆಲನ್ನು ಕ್ಯಾಮೆರಾದ ಮೇಲೆ ಹೊದಿಸಿದೆ.